ಎವಾರಿಸ್ತೊನ ಹೊಗಳಿಕೆ ಗಾಡಿ

ಸಾಂತಾ ರೀತಾ ಊರಿನಲ್ಲಿ ಯಾರು ಸತ್ತರೂ, ಯಾರ ಹಂದಿ ತಪ್ಪಿಸಿಕೊಂಡರೂ, ಯಾರ ಒಲೆಯ ಮೇಲೆ ತಮಾಲೆ ಬೆಂದರೂ ಸುದ್ದಿ ಹೊರಡುತ್ತಿದ್ದುದು ಎವಾರಿಸ್ತೊ ಕ್ವಾಪಿಯೊನ ಗಾಡಿಯಿಂದ. ಗಾಡಿ ಎಂದರೆ ಒಂದು ಹಳೆಯ ಪಿಕಪ್ಪು. ಒಂದು ಕಾಲದಲ್ಲಿ ಅದರ ಬಣ್ಣ ಹಸಿರಾಗಿತ್ತಂತೆ. ಅದರ ನೆತ್ತಿಯ ಮೇಲೆ ಎರಡು ತುತ್ತೂರಿ ಸ್ಪೀಕರುಗಳಿದ್ದವು. ಒಂದು ನೆಟ್ಟಗೆ ರಸ್ತೆ ನೋಡುತ್ತಿತ್ತು, ಇನ್ನೊಂದರ ತಿರುಪು ಸಡಿಲವಾಗಿ ಆಕಾಶ ನೋಡುತ್ತಿತ್ತು. "ಮೇಲಿರೋರಿಗೂ ಸ್ವಲ್ಪ ಊರಿನ ಸುದ್ದಿ ಗೊತ್ತಾಗಲಿ ಬಿಡು" ಎಂದು ಅವನು ಅದನ್ನು ಸರಿಮಾಡಿಸಲೇ ಇಲ್ಲ.

ಅವನು ನನ್ನ ಚಿಕ್ಕಪ್ಪನ ಮಗಳು ಚೋಲೆಯ ಗಂಡ. ನಮ್ಮದೂ ಅವರದೂ ಒಂದೇ ಅಂಗಳ. ನಡುವೆ ಒಂದು ನಿಂಬೆಗಿಡ, ಒಂದು ನೀರಿನ ತೊಟ್ಟಿ, ಮತ್ತೆ ಎಲ್ಲಿ ಕಾಲಿಟ್ಟರೂ ಚೋಲೆಯ ಕೋಳಿಗಳು. ನಾನು ಈ ಕಡೆಯ ಜಗಲಿಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಾ ಕೂತರೆ, ಆ ಕಡೆಯಿಂದ ಅವನು ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸುವ ಸದ್ದು ಕೇಳುತ್ತಿತ್ತು. ಆ ಗಳಗಳ ಸದ್ದು ಕೂಡ ಯಾರನ್ನೋ ಹೊಗಳಿದ ಹಾಗೇ ಇರುತ್ತಿತ್ತು.

ಆಳು ಕುಳ್ಳ, ಸಣಕಲು. ಟೋಪಿ ಹಾಕಿಕೊಂಡು ಸ್ಟೇರಿಂಗಿನ ಹಿಂದೆ ಕೂತರೆ ಹೊರಗಿನವರಿಗೆ ಟೋಪಿ ಮಾತ್ರ ಕಾಣುತ್ತಿತ್ತು. ದನಿ ಮಾತ್ರ ಎಮ್ಮೆಯಷ್ಟು ದೊಡ್ಡ ಮನುಷ್ಯನದು. ಬೇರೆ ಊರಿನವರು ಕಿಟಕಿಯಲ್ಲಿ ಇಣುಕಿ ನೋಡಿ, "ಮಾತಾಡ್ತಿದ್ದೋರು ಎಲ್ಲಿ ಇಳಿದುಹೋದ್ರು?" ಎಂದು ಅವನನ್ನೇ ಕೇಳುತ್ತಿದ್ದರು.

ಅವನ ಅಪ್ಪನೂ ಇದೇ ಕಸುಬಿನವನು. ಆ ಕಾಲದಲ್ಲಿ ಗಾಡಿ ಎಲ್ಲಿ ಬಂತು, ತಗಡಿನ ಕೊಳವೆ ಬಾಯಿಗಿಟ್ಟುಕೊಂಡು ಬೀದಿ ಬೀದಿ ನಡೆಯಬೇಕಿತ್ತು. ಹಾಗೆ ನಡೆದವನಾದ್ದರಿಂದ ಒಂದು ಮಾತನ್ನೂ ದಂಡ ಮಾಡುತ್ತಿರಲಿಲ್ಲ. ಮಗನಿಗೂ ಆ ಶಿಸ್ತು ಬಂದಿತ್ತು. ಊರಿನೊಳಗೆ ಚೆನ್ನಾಗಿದೆ ಎನಿಸಿಕೊಂಡ ವಸ್ತುವನ್ನು ಎವಾರಿಸ್ತೊ "ಒಳ್ಳೆಯ" ಎನ್ನುತ್ತಿದ್ದ. ಪಕ್ಕದ ಊರಿನವರೂ ಬಂದು ಕೊಂಡರೆ ಅದು "ಹೆಸರುವಾಸಿ". ಹೆದ್ದಾರಿಯ ಬಸ್ಸಿನ ಡ್ರೈವರು ಪ್ರಯಾಣಿಕರ ಬೈಗುಳಕ್ಕೂ ಜಗ್ಗದೆ ಬಸ್ಸು ನಿಲ್ಲಿಸಿ ಕೊಂಡರೆ "ಸುಪ್ರಸಿದ್ಧ". ಅದರ ಮೇಲೆ "ಜಗತ್ಪ್ರಸಿದ್ಧ" ಒಂದಿತ್ತು, ಆದರೆ ಅದು ಊರು ಕಾಯುವ ಸಂತ ರೀತಾಳ ಸ್ವಂತ ಸೊತ್ತು. ಮೇ ತಿಂಗಳಲ್ಲಿ ಅವಳ ಹಬ್ಬದ ದಿನ ಹೊರಗೆ ತೆಗೆದು, ಬಳಸಿ, ಮತ್ತೆ ಒಳಗಿಟ್ಟುಬಿಡುತ್ತಿದ್ದ. ಸತ್ತವರಿಗೆ ಮಾತ್ರ ಭೇದವಿರಲಿಲ್ಲ. ಕೋಳಿ ಕದಿಯುತ್ತಿದ್ದವನು ಸತ್ತರೂ "ಗೌರವಾನ್ವಿತ".

"ಬದುಕಿದ್ದಾಗ ಯಾರೂ ಅನ್ನಲಿಲ್ಲ. ಈಗ ನಾನೊಂದು ಸಲ ಅಂದ್ರೆ ಯಾರ ಗಂಟು ಹೋಗುತ್ತೆ?" ಎನ್ನುತ್ತಿದ್ದ.

ಎಲ್ಲ ಕೆಟ್ಟಿದ್ದು ಒಂದು ಡಿಸೆಂಬರ್ ಬೆಳಿಗ್ಗೆ. ಚಳಿ ಅಂದರೆ ಚಳಿ. ಎವಾರಿಸ್ತೊ ಹೊಟ್ಟೆಗೇನೂ ಇಲ್ಲದೆ ಹೊರಟಿದ್ದ. ಚೌಕದ ಮೂಲೆಯಲ್ಲಿ ತಮಾಲೆ ಮಾರುವ, ಊರು ಮರ್ಯಾದೆಗೆ ದೋನ್ಯಾ ಎನ್ನುವ ಫಿಲೊ ತನ್ನ ದೊಡ್ಡ ಹಂಡೆಯ ಮುಚ್ಚಳ ತೆಗೆದಳು. ಮೆಕ್ಕೆಜೋಳದ ಹಿಟ್ಟಿಗೆ ಹಸಿರು ಮೆಣಸಿನಕಾಯಿ ತುಂಬಿ, ಅದರದೇ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ತಮಾಲೆ. ಆ ಹಬೆಯ ವಾಸನೆಗೆ ಗಾಡಿ ತಾನಾಗಿಯೇ ನಿಂತಿತು ಎಂದು ಅವನು ಆಮೇಲೆ ಪ್ರಮಾಣ ಮಾಡಿದ. ಫಿಲೊ ಕಿಟಕಿಯೊಳಗೆ ಒಂದು ತಮಾಲೆ ಕೊಟ್ಟಳು. ಒಂದು ಕೈಯಲ್ಲಿ ಮೈಕು, ಒಂದು ಕೈಯಲ್ಲಿ ತಮಾಲೆ. ಕಚ್ಚಿದ. ನಾಲಿಗೆ ಸುಟ್ಟಿತು. ಕಣ್ಣಲ್ಲಿ ನೀರು ಬಂತು. ಆ ಸ್ಥಿತಿಯಲ್ಲೇ ಮೈಕಿನೊಳಗೆ ಅರಚಿದ: "ದೋನ್ಯಾ ಫಿಲೊ ಅವರ ಹಾ... ಹಾ... ಜಗತ್ಪ್ರಸಿದ್ಧ ತಮಾಲೆ!"

"ಬಾಯಿ ಸುಟ್ಟಾಗ ಸಂತ ರೀತಾಳನ್ನು ಕರೆಯೋಣ ಅಂತ ಹೋದೆ ಅಕ್ಕ. ಅವಳ ಹೆಸರು ಬರೋ ಬದಲು ಬಿರುದು ಬಂದುಬಿಡ್ತು," ಎಂದು ನನ್ನ ಹತ್ತಿರ ಅತ್ತುಕೊಂಡ.

ಫಿಲೊಳ ಹಂಡೆ ಚರ್ಚಿನ ಪೂಜೆಯ ಗಂಟೆ ಹೊಡೆಯುವ ಮೊದಲೇ ಖಾಲಿಯಾಯಿತು. ದಿನಾ ಅದೇ ತಮಾಲೆ ತಿಂದು ಕೈ ಒರೆಸಿಕೊಂಡು ಹೋಗುತ್ತಿದ್ದವರು ಆವತ್ತು ಕಣ್ಣು ಮುಚ್ಚಿ, ತಲೆ ಆಡಿಸಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ತಿಂದರಂತೆ.

ಮಧ್ಯಾಹ್ನದ ಹೊತ್ತಿಗೆ ದೋನ್ಯಾ ತೂಲಾ ನಮ್ಮ ಅಂಗಳಕ್ಕೆ ಬಂದಳು. ಊರಿನ ಇನ್ನೊಂದು ತಮಾಲೆ ಹಂಡೆ ಅವಳದು. ಅವಳ ಮಗಳ ಜ್ಞಾನಸ್ನಾನಕ್ಕೆ ಧರ್ಮಪಿತನಾಗಿ ನಿಂತವನು ಎವಾರಿಸ್ತೊ, ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು ಕೊಂಪಾದ್ರೆ, ಕೊಮಾದ್ರೆ ಎಂದು ಬಹಳ ಮರ್ಯಾದೆಯಿಂದ ಕರೆಯುತ್ತಿದ್ದರು. ಆವತ್ತು ಅವಳ ಕೈಯಲ್ಲಿ ಮರದ ಸೌಟು ಇತ್ತು.

"ಕೊಂಪಾದ್ರೆ, ಹೊರಗೆ ಬನ್ನಿ."

"ಏನಾಯ್ತು ಕೊಮಾದ್ರೆ?"

"ಫಿಲೊ ಜಗತ್ಪ್ರಸಿದ್ಧಳಂತೆ. ಅವಳು ಈ ಊರು ಬಿಟ್ಟು ಹೋಗಿದ್ದು ಒಂದೇ ಸಲ, ಅದೂ ಕನ್ನಡಕ ಮಾಡಿಸೋಕೆ. ಯಾವ ಜಗತ್ತು ನೋಡಿದೆ ಅವಳನ್ನ? ನಾನೇನು ಹಾಗಾದ್ರೆ? ಬರೀ ಹೆಸರುವಾಸಿನಾ?"

"ಬಾಯಿ ತಪ್ಪಿ ಬಂತು ಕೊಮಾದ್ರೆ. ಆಣೆ ಮಾಡಿ ಹೇಳ್ತೀನಿ."

"ಸರಿ. ನಾಳೆ ನನಗೂ ಬಾಯಿ ತಪ್ಪಲಿ."

ಅಡುಗೆ ಮನೆಯಿಂದ ಚೋಲೆಯ ದನಿ ಬಂತು. "ತಪ್ಪಿಸಿಬಿಡು ಮುದುಕಾ. ಆ ಸೌಟು ನೋಡಿದೆಯಲ್ಲ?"

ನೋಡಿದ್ದ. ಆದರೆ ಅದೇ ಮಾತು ಕೊಟ್ಟರೆ ಫಿಲೊಗೆ ಸಮ ಆಯಿತೇ ಹೊರತು ಹೆಚ್ಚಾಗಲಿಲ್ಲ. ತೂಲಾಗೆ ಸಮ ಎಂಬುದು ಸೋಲಿನ ಇನ್ನೊಂದು ಹೆಸರು. ಅವನು ಸಂಜೆಯೆಲ್ಲ ನಿಂಬೆಗಿಡದ ಕೆಳಗೆ ಯೋಚಿಸಿ, ಮರುದಿನ ಹೀಗೆ ಸಾರಿದ: "ಭೂಮಿಯ ಮೇಲೂ, ಸ್ವರ್ಗದಲ್ಲೂ, ನಡುವೆ ಪಾಪ ಸುಟ್ಟುಕೊಳ್ಳುತ್ತಾ ಕೂತಿರುವ ಆತ್ಮಗಳಲ್ಲೂ ಹೆಸರಾದ ದೋನ್ಯಾ ತೂಲಾ ಅವರ ತಮಾಲೆ!"

ಚರ್ಚಿನ ಮುಂದೆ ಫಾದರ್ ಮಾಕಾರಿಯೊ ಎರಡೂ ಕೈ ಚಾಚಿ ಗಾಡಿ ನಿಲ್ಲಿಸಿದರು.

"ಎವಾರಿಸ್ತೊ, ಸ್ವರ್ಗದ ಸುದ್ದಿ ನಿನಗೆ ಯಾರು ಹೇಳಿದ್ರಪ್ಪ?"

"ದೋನ್ಯಾ ತೂಲಾ, ಫಾದರ್."

ಫಾದರಿಗೂ ತೂಲಾ ಎಂದರೆ ಒಂದು ಅಳುಕು. ಅವರು ಗಡ್ಡ ಕೆರೆದುಕೊಂಡರು. "ಸ್ವರ್ಗ ಇರಲಿ ಬಿಡು. ಆ ನಡುವಿನ ಜಾಗ ಮಾತ್ರ ತೆಗೆದುಬಿಡು. ಅಲ್ಲಿರೋರಿಗೆ ಉಪವಾಸ."

ಅಲ್ಲಿಂದ ಊರು ಹಿಡಿತಕ್ಕೆ ಸಿಗಲಿಲ್ಲ. ಇಬ್ಬರು ತಮಾಲೆಯವರಿಗೆ ಸಿಕ್ಕಿದ್ದು ಕ್ಷೌರದವನಿಗೆ ಯಾಕಿಲ್ಲ? ಚಪ್ಪಲಿ ಹೊಲಿಯುವವನಿಗೆ ಯಾಕಿಲ್ಲ? ಚಪ್ಪಲಿಯವನು "ಅಮರ" ಬೇಕೆಂದು ಹಟ ಹಿಡಿದ. ಅವನು ಹೊಲಿದ ಚಪ್ಪಲಿ ಚರ್ಚಿಗೆ ಹೋಗುವಾಗ ಕಾಲಿನಲ್ಲಿದ್ದರೆ ಬರುವಾಗ ಕೈಯಲ್ಲಿರುತ್ತಿತ್ತು, ಆದರೂ "ಅಮರ ಚಪ್ಪಲಿ" ಎಂದೇ ಸಾರಿದ್ದಾಯಿತು. ಹಲ್ಲಿನ ಡಾಕ್ಟರು ತಮ್ಮ ಇಕ್ಕಳವನ್ನು "ಮೃದುಹೃದಯಿ" ಎನ್ನಿಸಿಕೊಂಡರು. ಫಿಲೊ ವಾರಕ್ಕೊಮ್ಮೆ ಬಂದು ತೂಲಾಗಿಂತ ಒಂದು ಮೆಟ್ಟಿಲು ಮೇಲೆ ಕೇಳುತ್ತಿದ್ದಳು, ಮಾರನೆಯ ದಿನ ತೂಲಾ ಬಂದು ಅದರ ಮೇಲಿನದನ್ನು ಕೇಳುತ್ತಿದ್ದಳು.

ಒಂದು ಸಂಜೆ ಎವಾರಿಸ್ತೊ ನನ್ನ ಹೊಲಿಗೆ ಯಂತ್ರದ ಪಕ್ಕ ಬಂದು ಕುಕ್ಕರಿಸಿದ. ಮುಖ ಬಾಡಿತ್ತು.

"ಅಕ್ಕಾ, ಪ್ರಸಿದ್ಧಕ್ಕಿಂತ ಮೇಲೆ ಏನಿದೆ?"

"ಸುಪ್ರಸಿದ್ಧ."

"ಅದು ಕಟಿಂಗ್ ಅಂಗಡಿಗೆ ಹೋಯ್ತು."

"ಅಪ್ರತಿಮ?"

"ಅದು ಸೀಮೆಎಣ್ಣೆ."

"ಅದ್ವಿತೀಯ ಇದೆಯಲ್ಲೋ. ಅಂಥದ್ದು ಇನ್ನೊಂದಿಲ್ಲ ಅಂತ."

"ಅದನ್ನ ಆಗಲೇ ಇಬ್ಬರಿಗೆ ಕೊಟ್ಟುಬಿಟ್ಟಿದೀನಿ," ಎಂದು ತಲೆ ಮೇಲೆ ಕೈ ಹೊತ್ತುಕೊಂಡ.

ಅಂಥ ಹೊತ್ತಿನಲ್ಲಿಯೇ ದೋನ್ ಸೆನೋನ್ ಸತ್ತರು. ಮುಂಗೋಪಿ ಮುದುಕರು. ಬೀದಿಯ ಮಕ್ಕಳ ಚೆಂಡು ಅವರ ಹಿತ್ತಿಲಿಗೆ ಬಿದ್ದರೆ ಚಾಕುವಿನಿಂದ ಹೆಚ್ಚಿ ವಾಪಸು ಎಸೆಯುತ್ತಿದ್ದರು. ಅವರ ಮೂವರು ಹೆಣ್ಣುಮಕ್ಕಳು ಕಪ್ಪು ಶಾಲು ಹೊದ್ದು ಎವಾರಿಸ್ತೊನ ಮನೆಗೆ ಬಂದರು.

"ಅಪ್ಪನಿಗೆ ಬರೀ ಗೌರವಾನ್ವಿತ ಸಾಲಲ್ಲ," ಎಂದಳು ಹಿರಿಯಳು. "ತಮಾಲೆ ಆಗಲೇ ಸ್ವರ್ಗದಲ್ಲಿ ಹೆಸರು ಮಾಡಿದೆ. ನಮ್ಮಪ್ಪ ಅಲ್ಲಿಗೆ ಹೋಗಿ ಏನಂತ ಮುಖ ತೋರಿಸಬೇಕು?"

ಅವಳ ಮಾತಿನಲ್ಲಿ ನ್ಯಾಯವಿತ್ತು. ಎವಾರಿಸ್ತೊ ಉಳಿದಬಳಿದ ಮಾತುಗಳನ್ನೆಲ್ಲ ಒಟ್ಟುಮಾಡಿಕೊಂಡು ಹೊರಟ. ಹಿನ್ನೆಲೆಗೆ ಅಳುವಂಥ ಪಿಟೀಲಿನ ಕ್ಯಾಸೆಟ್ಟು ಹಾಕಿದ. ಗಂಡಸರು ಟೋಪಿ ತೆಗೆದು ಬಾಗಿಲುಗಳಲ್ಲಿ ನಿಂತರು.

"ಸರ್ವಜನಪ್ರಿಯರೂ, ಅಪ್ರತಿಮರೂ, ನಮ್ಮೂರಿನ ಹೆಮ್ಮೆಯೂ ಆದ ದೋನ್ ಸೆನೋನ್," ಎಂದು ಶುರುಮಾಡಿದ. ದನಿ ಏರುತ್ತಾ ಹೋಯಿತು. ಎಷ್ಟು ತಿಂಗಳಿನಿಂದ ಅದೇ ಏರಿನಲ್ಲಿ ಅದೇ ಬಾಯಿ ತಮಾಲೆ ಮಾರಿತ್ತೋ, ಏರಿನ ತುದಿ ಮುಟ್ಟಿದ ಕೂಡಲೇ ಅದು ತನ್ನ ಅಭ್ಯಾಸದ ಹಾದಿ ಹಿಡಿಯಿತು. "ಬಿಸಿಬಿಸಿ! ಮೆತ್ತಮೆತ್ತಗೆ! ಈಗಷ್ಟೇ ಇಳಿಸಿದ್ದು! ಮುಗಿದುಹೋಗೋ ಮುಂಚೆ ಓಡಿ ಬನ್ನಿ!"

ಕೆಲವರು ಟೋಪಿ ಹಾಕಿಕೊಂಡರು, ನೆನಪಾಗಿ ಮತ್ತೆ ತೆಗೆದರು. ಹಿರಿಯ ಮಗಳು ಬಾಗಿಲಿಗೆ ಬಂದು ನಿಂತಳು. ಕೊಂದೇ ಬಿಡುತ್ತಾಳೆ ಎಂದು ಎವಾರಿಸ್ತೊ ಸೀಟಿನ ಕೆಳಗೆ ಜಾರಿದ. ಅವಳ ತುಟಿ ನಡುಗುತ್ತಿತ್ತು. ಅಳುವೆಂದು ಎಲ್ಲರೂ ಅಂದುಕೊಂಡರು.

"ಅಪ್ಪ ಮೆತ್ತಗೆ ಇದ್ದಿದ್ದನ್ನ ನಾನು ಹುಟ್ಟಿದಾಗಿನಿಂದ ನೋಡಿಲ್ಲ," ಎಂದವಳೇ ಶಾಲಿನ ತುದಿ ಬಾಯಿಗೆ ತುರುಕಿಕೊಂಡು ನಗತೊಡಗಿದಳು. ಉಳಿದಿಬ್ಬರಿಗೂ ಹತ್ತಿಕೊಂಡಿತು. ಮಣ್ಣಿಗೆ ಹಿಂದೆಂದೂ ಇಲ್ಲದಷ್ಟು ಜನ ಬಂದರು, ಕೆಲವರು ತಟ್ಟೆ ಹಿಡಿದುಕೊಂಡೇ ಬಂದಿದ್ದರು.

ಇಷ್ಟಾದರೂ ತೂಲಾಳ ಆಸೆ ತಣಿಯಲಿಲ್ಲ. "ಅವಿಸ್ಮರಣೀಯ ಅಂತ ಒಂದು ಇದೆಯಂತಲ್ಲ ಕೊಂಪಾದ್ರೆ? ನಗರದ ರೇಡಿಯೊದಲ್ಲಿ ಕೇಳಿದೆ. ಫಿಲೊಗೆ ಗೊತ್ತಾಗೋ ಮುಂಚೆ ನನಗೆ ಕೊಟ್ಟುಬಿಡಿ."

ಮಾತು ಉದ್ದ, ಎವಾರಿಸ್ತೊಗೆ ಹೊಸದು. ಬೆಳಿಗ್ಗೆ ಬಾಯಿಪಾಠ ಮಾಡಿಕೊಂಡೇ ಹೊರಟ. ಶಾಲೆಯ ಮುಂದೆ ರಸ್ತೆಗೆ ಅಡ್ಡಲಾಗಿ ಹೊಸದಾಗಿ ಒಂದು ಉಬ್ಬು ಹಾಕಿದ್ದರು. ಮಾತಿನ ಮೇಲೆ ಗಮನವಿಟ್ಟವನಿಗೆ ಉಬ್ಬು ಕಾಣಲಿಲ್ಲ. "ದೋನ್ಯಾ ತೂಲಾ ಅವರ ಅವಿ—" ಎನ್ನುವಷ್ಟರಲ್ಲಿ ಗಾಡಿ ಹಾರಿತು, ಅವನ ತಲೆ ಮಾಡಿಗೆ ಬಡಿಯಿತು, ಮೈಕು ಹಲ್ಲಿಗೆ ತಗುಲಿತು, ಎರಡೂ ಸ್ಪೀಕರುಗಳಿಂದ ಊರೆಲ್ಲಾ ಕೇಳಿಸಿದ್ದು ಹೀಗೆ: "ಘಡಂಬರಣೀಯ ತಮಾಲೆ!"

ತೂಲಾ ತನ್ನ ಹಂಡೆಯ ಪಕ್ಕ ನೆಟ್ಟಗೆ ನಿಂತಳು. ಇಂಥ ಮಾತು ಅವಳ ವಂಶದಲ್ಲಿ ಯಾರ ಮೇಲೂ ಬಿದ್ದಿರಲಿಲ್ಲ. ಜನ ಬಂದು ಮುತ್ತಿಕೊಂಡರು. ಅರ್ಥ ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಯಾರೂ ಅದಕ್ಕೆ ಎದುರು ಹೇಳುವಂತಿರಲಿಲ್ಲ. ಫಿಲೊ ಓಡಿಹೋಗಿ ಫಾದರ್ ಮಾಕಾರಿಯೊ ಅವರನ್ನು ಕೇಳಿದಳು.

"ಲ್ಯಾಟಿನ್ ಇರಬಹುದಮ್ಮ," ಎಂದರು ಅವರು, ಗೊತ್ತಿಲ್ಲ ಎನ್ನಲು ಮನಸ್ಸಾಗದೆ. "ಕೆಟ್ಟದ್ದಂತೂ ಇದ್ದ ಹಾಗೆ ಕೇಳಿಸಲ್ಲ."

ಲ್ಯಾಟಿನ್ ಎಂದ ಮೇಲೆ ಮುಗಿಯಿತು. ಎಲ್ಲರಿಗೂ ಘಡಂಬರಣೀಯವೇ ಬೇಕು. ಕಟಿಂಗ್ ಅಂಗಡಿ ಘಡಂಬರಣೀಯ, ಸೀಮೆಎಣ್ಣೆ ಘಡಂಬರಣೀಯ. ಒಬ್ಬಳು ತಾಯಿ ತೊಟ್ಟಿಲಿನ ಕೂಸನ್ನು "ನನ್ನ ಘಡಂಬರಣೀಯ ಕಂದಾ" ಎಂದು ತೂಗುವುದನ್ನು ನಾನೇ ಕೇಳಿದೆ. ಅರ್ಥ ಏನು ಎಂದು ನಾನು ಕೇಳಿದ್ದಕ್ಕೆ ಎವಾರಿಸ್ತೊ, "ನನ್ನೇನು ಕೇಳ್ತೀಯಾ, ಆ ಉಬ್ಬನ್ನ ಕೇಳು," ಎಂದ. ಆದರೆ ಅವನ ಮುಖದಲ್ಲಿ ಬಹಳ ದಿನಗಳ ಮೇಲೆ ನೆಮ್ಮದಿ ಇತ್ತು. ಎಷ್ಟು ಕೊಟ್ಟರೂ ಖಾಲಿಯಾಗದ ಒಂದು ಮಾತು ಸಿಕ್ಕಿತ್ತಲ್ಲ.

ಆ ಮಾತಿನ ಮಾನ ತೆಗೆದಿದ್ದು ಒಂದು ಕತ್ತೆ. ನಾಬೋರ್ ಎಂಬವನಿಗೆ ಒಂದು ಕತ್ತೆ ಮಾರಬೇಕಿತ್ತು. "ಘಡಂಬರಣೀಯ ಕತ್ತೆ" ಎಂದು ಎವಾರಿಸ್ತೊ ಸಾರಿದ. ಪಕ್ಕದ ಊರಿನ ರೈತನೊಬ್ಬ ಬಂದು ದುಡ್ಡು ಕೊಟ್ಟು ಖುಷಿಯಿಂದ ಹೊಡೆದುಕೊಂಡು ಹೋದ. ಆ ಕತ್ತೆಗೆ ಚರ್ಚಿನ ಗಂಟೆ ಕೇಳಿದರೆ ನಡುರಸ್ತೆಯಲ್ಲಿ ಕೂತುಬಿಡುವ ಭಕ್ತಿಯಿತ್ತು. ಕೂತ ಮೇಲೆ ಬೇಜಾರಾಗದಿರಲೆಂದು ಹತ್ತಿರವಿದ್ದವರ ಟೋಪಿ ತಿನ್ನುತ್ತಿತ್ತು. ರೈತ ಬರೀ ತಲೆಯಲ್ಲಿ ವಾಪಸು ಬಂದ.

"ಇದೇನ್ರೀ ಇದು? ಘಡಂಬರಣೀಯ ಅಂದಿದ್ರಲ್ಲ!"

"ಹೌದು," ಎಂದ ನಾಬೋರ್, ಕಣ್ಣು ಮಿಟುಕಿಸದೆ. "ಮತ್ತೆ ಘಡಂಬರಣೀಯ ಅಂದ್ರೆ ನೀವು ಏನು ಅಂದ್ಕೊಂಡಿದ್ರಿ?"

ಚೌಕದಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಊರಿಗೆ ಅವತ್ತು ಮಾತಿನ ಅರ್ಥ ಸಿಕ್ಕಿತು. ಆಮೇಲೆ ಕೆಟ್ಟು ನಿಂತ ಬಸ್ಸು ಘಡಂಬರಣೀಯ, ಕುಡಿದು ಬಂದ ಗಂಡ ಘಡಂಬರಣೀಯ, ಲೆಕ್ಕದಲ್ಲಿ ಸೊನ್ನೆ ತಂದ ಮಗ ಘಡಂಬರಣೀಯ. ಹೊಗಳಿಸಿಕೊಂಡಿದ್ದ ಅಂಗಡಿಯವರೆಲ್ಲ ಒಬ್ಬೊಬ್ಬರಾಗಿ ಬಂದು, "ಅದನ್ನ ನಮ್ಮ ಹೆಸರಿನಿಂದ ತೆಗೆದುಬಿಡಪ್ಪ," ಎಂದು ಕೈಮುಗಿದರು.

ಇದೊಂದೂ ಗೊತ್ತಿಲ್ಲದಿದ್ದವರು ಊರಿನ ಅಧ್ಯಕ್ಷರು, ದೋನ್ ರುತಿಲಿಯೊ. ಅವರು ಹೊಸ ನೀರಿನ ಟ್ಯಾಂಕಿನ ಕೆಲಸಕ್ಕೆಂದು ರಾಜಧಾನಿಯಲ್ಲಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದರು. ಹೊರಡುವಾಗ ಆ ಮಾತು ಇನ್ನೂ ಲ್ಯಾಟಿನ್ ಆಗಿತ್ತು. ಟ್ಯಾಂಕು ಕಟ್ಟಿ ಮುಗಿಯಿತು, ಉದ್ಘಾಟನೆಗೆ ರಾಜಧಾನಿಯಿಂದ ದೊಡ್ಡ ಅಧಿಕಾರಿ ಬರುವುದೆಂದು ಗೊತ್ತಾಯಿತು. ಊರಿಗೆ ಮರಳಿದ ಅಧ್ಯಕ್ಷರು ಎವಾರಿಸ್ತೊನನ್ನು ಕರೆಸಿದರು.

"ನನ್ನನ್ನ ವೇದಿಕೆಗೆ ಕರೀವಾಗ ಆ ಮಾತು ಹಾಕಬೇಕು. ಅದೇ, ಘಡಂಬರಣೀಯ."

ಎವಾರಿಸ್ತೊ ಟೋಪಿ ಹಿಂಡಿದ. "ಅದು ಈಚೆಗೆ ಸ್ವಲ್ಪ ಸವೆದಿದೆ, ದೋನ್ ರುತಿಲಿಯೊ. ಬೇರೆ ಕೊಡ್ತೀನಿ. ಶ್ರಮಜೀವಿ ಅಂತ ಒಂದಿದೆ. ಈ ಊರಲ್ಲಿ ಇನ್ನೂ ಯಾರೂ ಮುಟ್ಟಿಲ್ಲ, ಹೊಸಾದು."

"ಶ್ರಮಜೀವಿನಾ? ನಾನೇನು ಕತ್ತೆನಾ?"

"ಕತ್ತೆಗೆ ಕೊಟ್ಟಿದ್ದು ಅದಲ್ಲ, ಇದು..."

"ಏನಂದೆ?"

"ಏನಿಲ್ಲ. ನೀವು ಹೇಳಿದ್ದೇ ಆಗಲಿ."

ಉದ್ಘಾಟನೆಯ ದಿನ ಚೌಕದಲ್ಲಿ ಕಾಗದದ ತೋರಣ, ಬ್ಯಾಂಡು, ಬಿಳಿ ಅಂಗಿಗಳು. ಅಧಿಕಾರಿ ಮುಂದಿನ ಕುರ್ಚಿಯಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು. ಎವಾರಿಸ್ತೊ ಮೈಕು ಹಿಡಿದು, ಕಣ್ಣು ಮುಚ್ಚಿ, ನೀರಿಗೆ ಹಾರುವವನ ಹಾಗೆ ಒಂದೇ ಉಸಿರಿನಲ್ಲಿ ಹೇಳಿದ: "ಈಗ ನಮ್ಮ ಘಡಂಬರಣೀಯ ಅಧ್ಯಕ್ಷರು ವೇದಿಕೆಗೆ ಬರಬೇಕು!"

ಮೊದಲು ಹಿಡಿತ ತಪ್ಪಿದ್ದು ದೊಡ್ಡ ತುತ್ತೂರಿ ಊದುವವನಿಗೆ. ಅವನ ನಗು ತುತ್ತೂರಿಯೊಳಗೆ ಹೋಗಿ ಎಮ್ಮೆ ಕರು ಹಾಕುವ ಸದ್ದಾಗಿ ಹೊರಬಂತು. ಅಲ್ಲಿಂದ ಇಡೀ ಚೌಕ ಹೊಟ್ಟೆ ಹಿಡಿದುಕೊಂಡಿತು. ದೋನ್ ರುತಿಲಿಯೊ ಇದು ತಮ್ಮ ಮೇಲಿನ ಪ್ರೀತಿಯೆಂದು ತಿಳಿದು ಎರಡೂ ಕೈ ಎತ್ತಿದರು. ನಗು ಇನ್ನೂ ಜೋರಾಯಿತು. ಅಧಿಕಾರಿಯವರು, ಊರಿನ ಮಾತನ್ನು ಒಂದಾದರೂ ಆಡೋಣವೆಂದು, ಎದ್ದು ನಿಂತು ಹೇಳಿದರು: "ಇಂಥ ಘಡಂಬರಣೀಯ ಅಧ್ಯಕ್ಷರು ನಿಮಗೆ ಒಂದು ಘಡಂಬರಣೀಯ ಟ್ಯಾಂಕು ಕೊಟ್ಟಿದ್ದಾರೆ!"

ನಾನು ಚೋಲೆಯ ಹೆಗಲಿಗೆ ಒರಗಿದ್ದೆ, ಚೋಲೆ ಕಂಬಕ್ಕೆ ಒರಗಿದ್ದಳು. ಅಧಿಕಾರಿ ನಲ್ಲಿ ತಿರುಗಿಸಿದರು. ನಲ್ಲಿ ಕೆಮ್ಮಿತು. ಒಂದಿಷ್ಟು ತುಕ್ಕು ಉಗುಳಿತು. ಆಮೇಲೆ ಒಂದು ಜಿರಲೆ, ನಿದ್ದೆ ಕೆಡಿಸಿದ್ದು ಯಾರು ಎಂದು ಕೇಳುವ ಹಾಗೆ, ಹೊರಗೆ ಬಂದು ನಿಂತಿತು.

"ಅಯ್ಯಾ, ಘಡಂಬರಣೀಯ ಅಂದ್ರೆ ಇದೇ ಕಣ್ರೀ!" ಎಂದು ಫಿಲೊ ಕೂಗಿದಳು. ಅವಳೂ ತೂಲಾಳೂ ಒಬ್ಬರನ್ನೊಬ್ಬರು ತಬ್ಬಿಕೊಂಡು ನಕ್ಕಿದ್ದನ್ನು ಊರು ಮೊದಲ ಸಲ ನೋಡಿತು.

ಆ ಮಾತಿನ ಅರ್ಥವನ್ನು ಅಧ್ಯಕ್ಷರಿಗೆ ಯಾರೋ ಹೇಳಿರಬೇಕು, ಮರುದಿನವೇ ಅವರ ಅಪ್ಪಣೆ ಬಂತು. ಸಾಂತಾ ರೀತಾದ ಬೀದಿಗಳಲ್ಲಿ ಇನ್ನು ಮುಂದೆ ಸ್ಪೀಕರಿನಲ್ಲಿ ಯಾರನ್ನೂ, ಏನನ್ನೂ ಹೊಗಳಕೂಡದು. ವಸ್ತು ಯಾವುದು, ಎಲ್ಲಿದೆ, ಅಷ್ಟೇ. ಮೀರಿದರೆ ಗಾಡಿ ಜಪ್ತಿ.

ಎವಾರಿಸ್ತೊ ಪಾಲಿಸಿದ. "ತಮಾಲೆ. ಇದೆ. ಫಿಲೊ." "ಚಪ್ಪಲಿ. ಹೊಲಿಯುತ್ತಾರೆ." ಆ ದನಿ ಕೇಳಿ ಯಾರೋ ಸತ್ತಿರಬೇಕು ಎಂದು ಜನ ಟೋಪಿ ತೆಗೆದು ನಿಲ್ಲುತ್ತಿದ್ದರು. ಅವನಿಗೆ ಊಟ ಸೇರಲಿಲ್ಲ. ಬೀದಿಯಲ್ಲಿ ತಡೆದಿದ್ದೆಲ್ಲ ಮನೆಗೆ ಬಂದ ಕೂಡಲೇ ಒಡೆದುಕೊಂಡು ಹೊರಗೆ ಬರತೊಡಗಿತು, ಬಂದು ಬಿದ್ದಿದ್ದು ಪಾಪ ಚೋಲೆಯ ಮೇಲೆ.

"ನೋಡಿ, ಬನ್ನಿ! ಸೂರ್ಯನಿಗಿಂತ ಮುಂಚೆ ಎದ್ದ ಸುಪ್ರಸಿದ್ಧ ಚೋಲೆ!" ಎಂದು ಬೆಳಿಗ್ಗೆ ಅಂಗಳದಿಂದ ಕೇಳಿಸುತ್ತಿತ್ತು. "ಮೂರು ಲೋಕಗಳಲ್ಲಿ ಇಂಥ ಹುರುಳಿ ಸಾರಿಲ್ಲ! ಅಮರ ಮೊಟ್ಟೆ! ಅಪ್ರತಿಮ ಕಸಪೊರಕೆ!" ಕೋಳಿಗಳು ಗಾಬರಿಯಾಗಿ ಮೊಟ್ಟೆ ಇಡುವುದನ್ನು ನಿಲ್ಲಿಸಿದವು.

ಚೋಲೆ ಒಂದು ವಾರ ನೋಡಿದಳು. ಆಮೇಲೆ ಶಾಲು ಹೊದ್ದು, ನನ್ನನ್ನು ಜೊತೆಗೆ ಎಳೆದುಕೊಂಡು, ನೆಟ್ಟಗೆ ಅಧ್ಯಕ್ಷರ ಕಚೇರಿಗೆ ನಡೆದಳು.

"ದೋನ್ ರುತಿಲಿಯೊ, ನನ್ನ ಗಂಡನ್ನ ಬೀದಿಗೆ ವಾಪಸ್ ಬಿಡಿ."

"ಬಿಡೋದಾ? ಅಷ್ಟು ಜನರ ಮುಂದೆ ನನ್ನ ಮಾನ ತೆಗೆದ ಅವನು!"

"ನಿಮ್ಮನ್ನ ಒಂದು ಸಲ ಹೊಗಳಿದ, ಇಷ್ಟು ಸಿಟ್ಟು ಬಂತು. ನನ್ನನ್ನ ಮೂರು ಹೊತ್ತೂ ಹೊಗಳ್ತಿದಾನೆ. ಬಟ್ಟೆ ಒಣಗಿಸಿದ್ರೆ ಹೊಗಳ್ತಾನೆ. ಸೀನಿದ್ರೆ ಹೊಗಳ್ತಾನೆ. ಬಚ್ಚಲಿಗೆ ಹೋಗೋಕೂ ಭಯ ಆಗಿದೆ ನನಗೆ, ಅಲ್ಲಿಂದ ಬಂದಾಗ ಏನಂತ ಸಾರ್ತಾನೋ ಅಂತ."

ಅಧ್ಯಕ್ಷರು ಗಂಭೀರವಾಗಿರಲು ಬಹಳ ಕಷ್ಟಪಟ್ಟರು. ಮೀಸೆ ಅಲುಗಾಡಿತು. ಕೊನೆಗೆ ಮೇಜಿನ ಮೇಲೆ ತಲೆಯಿಟ್ಟು, ಉದ್ಘಾಟನೆಯ ದಿನ ನಗಲಾಗದಿದ್ದ ನಗುವನ್ನೆಲ್ಲ ನಕ್ಕರು. ಕಣ್ಣೊರೆಸಿಕೊಂಡು ತೀರ್ಪು ಕೊಟ್ಟರು: ಒಂದು ವಸ್ತುವಿಗೆ ಒಂದೇ ಒಂದು ಮಾತು. ಆ ಮಾತು ಮೊದಲಿನಿಂದ ಊರಲ್ಲಿ ಇದ್ದದ್ದಾಗಿರಬೇಕು, ರಸ್ತೆಯ ಉಬ್ಬಿನಲ್ಲಿ ಹುಟ್ಟಿದ್ದಾಗಿರಬಾರದು. ನಾವು ಬಾಗಿಲು ದಾಟುವಾಗ ಹಿಂದಿನಿಂದ ದನಿ ತಗ್ಗಿಸಿ ಕೇಳಿದರು, "ಚೋಲೆ, ಆ ಶ್ರಮಜೀವಿ ಇನ್ನೂ ಯಾರಿಗೂ ಕೊಟ್ಟಿಲ್ಲ ತಾನೇ?"

ಒಂದೇ ಮಾತು ಎಂದಾಗ ಊರಿನವರಿಗೆ ನಿಜವಾದ ಕಷ್ಟ ಶುರುವಾಯಿತು. ಫಿಲೊ ಮೂರು ದಿನ ಊಟ ಬಿಟ್ಟು ಯೋಚಿಸಿ "ಬಿಸಿ" ಆರಿಸಿಕೊಂಡಳು. ತೂಲಾ ಯೋಚಿಸಲೇ ಇಲ್ಲ. "ದೊಡ್ಡ," ಎಂದಳು. ಮೊದಲ ವಾರ ತೂಲಾ ಗೆದ್ದಳು. ಎರಡನೆಯ ವಾರ ಜನ ತೂಲಾಳ ತಮಾಲೆಯನ್ನು ಫಿಲೊಳ ತಮಾಲೆಯ ಪಕ್ಕದಲ್ಲಿಟ್ಟು ಅಳೆದು ನೋಡಿದರು. ಮೂರನೆಯ ವಾರದಿಂದ ತೂಲಾ ಮಾತಿಗೆ ತಕ್ಕ ಹಾಗೆ ತಮಾಲೆಯನ್ನು ದಪ್ಪ ಮಾಡಬೇಕಾಯಿತು.

ಎವಾರಿಸ್ತೊನಿಗೆ ಮಾತ್ರ ಹೊಸ ಜೀವ ಬಂದಿತ್ತು. ಗಿರಾಕಿ ಬಂದರೆ ಈಗ ತಟ್ಟನೆ ಮಾತು ಕೊಡುತ್ತಿರಲಿಲ್ಲ. ಗಾಡಿಯನ್ನು ದೊಡ್ಡ ಮರದ ನೆರಳಿನಲ್ಲಿ ನಿಲ್ಲಿಸಿ, ಟೋಪಿ ಮುಖದ ಮೇಲಿಟ್ಟುಕೊಂಡು, ಗಂಟೆಗಟ್ಟಲೆ ಮಲಗಿ ಯೋಚಿಸುತ್ತಿದ್ದ. "ನಿದ್ದೆ ಮಾಡ್ತಿದೀಯಾ?" ಎಂದರೆ, "ಬಡಗಿಗೆ ಮಾತು ಹುಡುಕ್ತಿದೀನಿ," ಎನ್ನುತ್ತಿದ್ದ. ಚೋಲೆಯ ಸಾರಿನ ಬಗ್ಗೆ ಮನೆಯಲ್ಲಿ ಒಂದು ಮಾತೂ ಆಡದೆ ಎರಡು ಸಲ ಬಡಿಸಿಕೊಳ್ಳುತ್ತಿದ್ದ. ಅವಳಿಗೆ ಅದೇ ಹಿತವಾಗಿತ್ತು, ಕೋಳಿಗಳಿಗೂ.

ಆ ವರ್ಷದ ಹಬ್ಬದ ಮುಂಚೆ ನಾನೂ ಅವನನ್ನು ಕೇಳಿದೆ. "ಇಷ್ಟು ವರ್ಷ ಪಕ್ಕದಲ್ಲೇ ಇದೀನಿ. ನನ್ನ ಹೊಲಿಗೆಗೂ ಒಂದು ಮಾತು ಹುಡುಕಿ ಸಾರೋ."

"ಅಕ್ಕಾ, ನಿನಗೆ ದುಡುಕಿ ಕೊಡೋಕಾಗಲ್ಲ. ಟೈಮ್ ಕೊಡು."

ಕೊಟ್ಟೆ. ಅವನು ನೆರಳಿನಲ್ಲಿ ಮಲಗಿದ. ನನ್ನ ಜಗಲಿಯ ಮುಂದೆ ಎರಡು ಮೂರು ಸಲ ಸುಮ್ಮನೆ ಓಡಾಡಿದ, ನೇತು ಹಾಕಿದ್ದ ಬಟ್ಟೆಗಳನ್ನು ಮುಟ್ಟಿ ನೋಡಿದ, ಒಳಗೆ ರಾಶಿ ಬಿದ್ದಿದ್ದ ಬಟ್ಟೆಯ ಗಂಟುಗಳನ್ನೂ ನೋಡಿದ. ಶನಿವಾರ ಸಂತೆಗೆ ಜನ ಸೇರಿದ್ದಾಗ ಗಾಡಿ ಹೊರಟಿತು. ನಾನು ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತೆ. ಆ ದೊಡ್ಡ ದನಿ ರಸ್ತೆಗೂ ಆಕಾಶಕ್ಕೂ ಸಾರಿತು:

"ಹೊಲಿಗೆ! ದೋನ್ಯಾ ಎದೆಲ್ಮಿರಾ ಅವರಲ್ಲಿ! ಒಮ್ಮೊಮ್ಮೆ!"

"ಇದು ಹೊಗಳಿಕೆನೇನೋ?" ಎಂದು ನಾನು ಗಾಡಿಯ ಹಿಂದೆ ಕತ್ತರಿ ಹಿಡಿದು ಓಡಿದೆ.

"ಬಹಳ ಯೋಚನೆ ಮಾಡಿ ಇಟ್ಟಿದ್ದು ಅಕ್ಕಾ!" ಎಂದು ಮೈಕಿನಲ್ಲೇ ಕೂಗಿ, ಗೇರು ಬದಲಿಸಿ ತಪ್ಪಿಸಿಕೊಂಡ.

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ಗಿರಾಕಿಗಳು ಸಾಲುಗಟ್ಟಿ ನಿಂತಿದ್ದರು. ನಾನು ಹಿಗ್ಗಿ, ಏಪ್ರನ್ ಕಟ್ಟಿಕೊಂಡು, ಅಳತೆ ಪಟ್ಟಿ ಕೊರಳಿಗೆ ಹಾಕಿಕೊಂಡು ಬಂದೆ. ಹೊಸಬರು ಒಬ್ಬರೂ ಇರಲಿಲ್ಲ. ಎಲ್ಲರೂ ಹಿಂದಿನ ವರ್ಷ ಬಟ್ಟೆ ಕೊಟ್ಟು, ಕೊಟ್ಟಿದ್ದನ್ನೇ ಮರೆತಿದ್ದವರು.